ಕಾರ್ನ್ ಎಂದರೆ ರಾಗಿ ಅಂದುಕೊ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ
ಎರಡೂವರೆ ರೂಪಾಯಿ ಕೊಟ್ಟು ತಂದದ್ದು.
ವಿಕ್ಟೋರಿಯಾ ರಾಣಿ ಇನ್ನೂ ಎಳೆಯವಳಿದ್ದಾಗಿನ
ಯಾರೋ ಪ್ರಧಾನಿಯ ಜೀವನ ಚರಿತ್ರೆ.
ಒಳಗೊಂದು ಚಿತ್ರ: ಉದ್ದ ಕೋಟು, ಪಕ್ಕದಲ್ಲಿ ಕುದುರೆ.
ಹೆಸರು ಅಪ್ಪನ ನಾಲಿಗೆಗೆ ಹೊರಳಲಿಲ್ಲ;
ಕೊನೆತನಕ ಕರೆದದ್ದು
ದೊಡ್ಮನುಷ್ಯ ಎಂದೇ.

ಅಪ್ಪ ಅಂದರೆ ಪಿಳ್ಳಹನುಮಯ್ಯ,
ಕಾಟನ್‌ಪೇಟೆ ಕಡೆಯ ಕೌನ್ಸಿಲರ್, ಲೋವರ್ ಸೆಕೆಂಡರಿ ಫೇಲು.
ಊಟವಾದ ಮೇಲೆ ನಿಘಂಟು ತೊಡೆಯ ಮೇಲಿಟ್ಟು
ದಿನಕ್ಕೊಂದು ಪುಟ,
ವಾರ್ಡಿನವರು ನಲ್ಲಿ ನೀರಿನ ಜಗಳ ತಂದರೆ ಅರ್ಧ.
ಅಂಚಿನಲ್ಲಿ ಪೆನ್ಸಿಲಿನ ಕನ್ನಡ:
ಟ್ಯಾರಿಫ್, ಸುಂಕ.
ಕಾರ್ನ್, ಮೆಕ್ಕೆಜೋಳ. ಅದಕ್ಕೆ ಕಾಟು.
ಗೋಧಿ. ಅದಕ್ಕೂ ಕಾಟು.
ಕೆಳಗೆ, ಒತ್ತಿ: ರಾಗಿ ಅಂದುಕೊ.

"ಅವನಪ್ಪನದೂ ಬಟ್ಟೆ ಮಿಲ್ಲೇ ಕಣೇ" ಎಂದ ಒಮ್ಮೆ.
ತಾತ ಬಿನ್ನಿ ಮಿಲ್ಲಿನಲ್ಲಿ ಮಗ್ಗ ಕಾಯುತ್ತಿದ್ದವನು,
ಅವನಪ್ಪನದು ಇಡೀ ಮಿಲ್ಲು.
ನಾನು ತಿದ್ದಲಿಲ್ಲ.
ದೊಡ್ಡ ಮನೆತನದವರ ನಡುವೆ ಅವನ ಮಾತಿಗೆ
ಊರ ಕಡೆಯ ರಾಗ ಅಂಟಿತ್ತಂತೆ.
ಆ ಸಾಲಿಗೆ ಎರಡೆರಡು ಗೆರೆ.
ಕಾರ್ಪೊರೇಷನ್ ಸಭೆಯಲ್ಲಿ ಅಪ್ಪ ಎದ್ದು
"ಅದ್ಯಕ್ಸರೇ" ಅಂದಾಗಲೆಲ್ಲ
ಹಿಂದಿನ ಬೆಂಚು ಕೆಮ್ಮುತ್ತಿತ್ತು.
ಪೊಲೀಸರಿಗೆ ಟೊಪ್ಪಿ ಕೊಟ್ಟವನೂ ಅವನೇ,
ವರಮಾನ ತೆರಿಗೆ ಹಾಕಿದವನೂ ಅವನೇ.
ಆ ಪುಟ ಅಪ್ಪ ಬೇಗ ಮುಗಿಸಿದ.

ಆಗ ಮಾರ್ಕೆಟ್ಟಿನ ಬಾಗಿಲಲ್ಲಿ ತಲೆಹೊರೆಗೆ ಸುಂಕ.
ಕೋಳಿ ಕೂಗುವ ಮೊದಲೇ ಹುಳಿಮಾವು ಬೇಗೂರಿಂದ
ನಡೆದು ಬಂದ ಹೆಂಗಸರು
ಸೆರಗಿನ ಗಂಟು ಬಿಚ್ಚಬೇಕು, ಒಂದು ಕಟ್ಟೂ ಮಾರುವ ಮೊದಲೇ.
ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡಂತೆ
ಎಂಬ ಗಾದೆಗೆ ಅಲ್ಲೊಂದು ಕುರ್ಚಿ, ಒಂದು ರಸೀದಿ ಪುಸ್ತಕ.
ಗುತ್ತಿಗೆ ಹಿಡಿದವರು ಅಪ್ಪನ ಪಕ್ಷದವರೇ,
ಚುನಾವಣೆಯ ಜೀಪಿಗೆ ಪೆಟ್ರೋಲು ಹಾಕಿಸಿದವರು.

ಅಲ್ಲಿ, ಪಕ್ಕದ ದ್ವೀಪದಲ್ಲಿ, ನೆಲದೊಳಗೇ ಆಲೂಗಡ್ಡೆ ಕೊಳೆತಿತ್ತು.
ಜಮೀನ್ದಾರರ ಪಕ್ಷದ ಮುಂದಾಳು
ಜಮೀನ್ದಾರರ ಸುಂಕಕ್ಕೇ ಕೈಹಾಕಿದ,
ಎದುರು ಬೆಂಚಿನವರ ಮತ ಕೂಡಿಸಿ ಗೆದ್ದ.
ಸುಂಕ ಹೋದ ರಾತ್ರಿಯೇ
ಬೇರೊಂದು ನೆಪ ಹಿಡಿದು ಸ್ವಂತದವರು ಕೆಡವಿದರು.
ಇಷ್ಟು ಓದಿದ ಅಪ್ಪ
ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಸಭೆಗೆ ಹೋಗಿ
ಕೈ ಎತ್ತಿದ. ಅವನ ಸಾಲಿನಲ್ಲಿ ಅದೊಂದೇ ಕೈ.
ಸುಂಕ ಹೋಯಿತು.
ಮುಂದಿನ ಸಲ ಟಿಕೆಟ್ಟೂ.

ಕೊನೆಯ ಪುಟಗಳು ಗೆದ್ದಲಿನ ಪಾಲು.
ರಾಜೀನಾಮೆ ಕೊಟ್ಟು ದೊಡ್ಮನುಷ್ಯ ಮೆಟ್ಟಿಲಿಳಿಯುತ್ತಾನೆ,
ಅಲ್ಲಿಂದಾಚೆ ಜರಡಿ.
"ಆಮೇಲೇನಾದನೋ."
ಸಂಜೆ ಕಡಲೆಕಾಯಿ ಬಿಡಿಸುತ್ತಾ, ಯಾರನ್ನೂ ನೋಡದೆ,
ಹದಿನೇಳು ವರ್ಷ.

ಕಬ್ಬನ್ ಪಾರ್ಕಿನ ಲೈಬ್ರರಿಯಲ್ಲಿ ಹುಡುಕಿ ಓದಿದೆ.
ನಾಲ್ಕೇ ವರ್ಷ ಬದುಕಿದ್ದ.
ಕುದುರೆ ಕೆಡವಿತು, ಕೆಡವಿ ಅವನ ಮೇಲೇ ಮುಗ್ಗರಿಸಿತು.
ಮೂರು ದಿನ ನರಳಿ ಹೋದ.

ಮನೆಗೆ ಬಂದು ಹೇಳಿದ್ದು ಬೇರೆ.
"ಊರಿಗೆ ಹೋಗಿ ತೋಟ ಮಾಡಿಕೊಂಡಿದ್ದನಂತಪ್ಪ,
ಎಂಬತ್ತು ದಾಟಿತ್ತಂತೆ."
"ಆ ಕುದುರೆ?"
"ಅದೂ ಇತ್ತಂತೆ, ಮುದಿಯಾಗಿ. ಮೇಯುತ್ತಾ."
"ಒಳ್ಳೇದು" ಎಂದ.

ಅದಕ್ಕೇ ಇನ್ನೊಂದನ್ನು ಹೇಳಲಾಗಲಿಲ್ಲ:
ಆ ಮೂರು ದಿನ ಅವನ ಗೇಟಿನಾಚೆ
ಕೂಲಿನಾಲಿಯವರು ನಿಂತೇ ಇದ್ದರಂತೆ.
ಓದು ಬಾರದವರಿಗೆಂದು ಪೊಲೀಸಿನವನೊಬ್ಬ
ಡಾಕ್ಟರರ ಚೀಟಿಯನ್ನು
ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ.

ಅಪ್ಪ ಹೋದಾಗ ಪಕ್ಷದ ಹಾರ ಆಟೋದಲ್ಲಿ ಬಂತು,
ಜೊತೆಗೆ ಡ್ರೈವರು ಮಾತ್ರ.
ಹನ್ನೊಂದನೇ ದಿನಕ್ಕೆ ಸೊಪ್ಪು ತರಲು ಮಾರ್ಕೆಟ್ಟಿಗೆ ಹೋದೆ.
ನನ್ನದೇ ವಯಸ್ಸಿನವಳು, ತಲೆಯ ಮೇಲೆ ಹೊರೆ,
ನೇರ ಒಳಗೆ ನಡೆದಳು.
ಬಾಗಿಲಲ್ಲಿ ತಡೆಯಲಿಲ್ಲ, ಸೆರಗಿನ ಗಂಟು ಮುಟ್ಟಲಿಲ್ಲ.
ಅಲ್ಲೊಮ್ಮೆ ನಿಲ್ಲಬೇಕಿತ್ತು ಎನ್ನುವುದೇ ಅವಳಿಗೆ ಗೊತ್ತಿಲ್ಲ.
ಹಿಂದೆಯೇ ಹೋಗಿ
ಕಟ್ಟೊಂದಕ್ಕೆ ಎಷ್ಟು ಎಂದೆ.
ಎಂಟಾಣೆ ಜಾಸ್ತಿಯೇ ಹೇಳಿದಳು.